ಬಂಡೆಯ ಮೇಲಿನ ನೀರುನಾಯಿ ಸಂಸಾರ

ಮುನಿಲಕ್ಷ್ಮಿ ಅಂದು ಬೆಳಿಗ್ಗೆ ಕಾವೇರಿ ದಂಡೆಯ ಚಪ್ಪಡಿಕಲ್ಲಿನ ಮೇಲೆ ಕೂತು ಮೀನು ಉಜ್ಜುತ್ತಿದ್ದಳು. ಬಿಸಿಲೇರುವುದರೊಳಗೆ ಮಸಾಲೆ ಹಚ್ಚಿಟ್ಟರೆ ಸರಿ. ಇಲ್ಲದಿದ್ದರೆ ಪೆನ್ನಾಗರಂ ಬಸ್ಸಿನಿಂದ ಇಳಿಯುವ ಜನ ಅವಳ ಅಂಗಡಿ ಬಿಟ್ಟು ಪಕ್ಕದ ಅಂಗಡಿಯ ಹುರಿದ ಮೀನು ತಿಂದು ಹೋಗುತ್ತಾರೆ. ನಾಲ್ಕನೆಯ ಮೀನು ಕೈಯಲ್ಲಿದ್ದಾಗ ಮಗಳು ವನಿತಾ ಓಡಿಬಂದು ಅವಳ ಒದ್ದೆ ಮೊಣಕೈ ಹಿಡಿದೆಳೆದಳು.

"ಏನೇ? ಕೈಯೆಲ್ಲ ಮೀನು, ಬುಡು!"

ಎಂಟು ವರ್ಷದ ಹುಡುಗಿ ಮನೆಯೊಳಗೆ ಅರಳು ಹುರಿದಂತೆ ಮಾತಾಡುತ್ತಾಳೆ, ಹೊರಗೆ ನಾಲ್ಕು ಜನ ಕಂಡರೆ ಬಾಯಿಗೆ ಬೀಗ. ಅವಳು ಹೊಳೆಯ ನಡುವಿನ ದೊಡ್ಡ ಬಂಡೆಯ ಕಡೆ ಬೆರಳು ತೋರಿಸಿದಳು.

ಆ ಬಂಡೆಯ ಬುಡದ ಪೊಟರೆಯಲ್ಲಿ ನೀರುನಾಯಿಗಳ ಒಂದು ಸಂಸಾರವಿತ್ತು. ಮರಿ ಹಾಕಿ ಎರಡು ತಿಂಗಳಾಗಿರಬಹುದು. ಈಗ ತಾಯಿ ನೀರುನಾಯಿ ಒಂದು ಮರಿಯ ಕುತ್ತಿಗೆಯನ್ನು ಮೆಲ್ಲಗೆ ಬಾಯಲ್ಲಿ ಕಚ್ಚಿಕೊಂಡು, ಸೆಳೆತವನ್ನು ಸೀಳುತ್ತ ಆಚೆ ದಡಕ್ಕೆ ಈಜುತ್ತಿತ್ತು.

"ಅಯ್ಯೋ, ಮಗೂನ ಎತ್ಕೊಂಡು ಎಲ್ಲಿಗೆ ಒಂಟ್ಳು ಇವಳು?" ಎಂದಳು ಮುನಿಲಕ್ಷ್ಮಿ.

"ಮನೆ ಕಾಲಿ ಮಾಡ್ತಾ ಐತೆ ಅಕ್ಕಾ" ಎಂಬ ದನಿ ಹಿಂದಿನಿಂದ ಬಂತು. ಅದು ಕಾರ್ತಿಕಾ. ಪಾಪಿರೆಡ್ಡಿಪಟ್ಟಿ ಕಡೆಯ ಹುಡುಗಿ. ನೀರುನಾಯಿಗಳನ್ನು ಲೆಕ್ಕ ಹಾಕುವ ಅರಣ್ಯ ಇಲಾಖೆಯ ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತು. ಮಧ್ಯಾಹ್ನದ ಊಟ ಮುನಿಲಕ್ಷ್ಮಿಯ ಅಂಗಡಿಯಲ್ಲೇ.

"ಯಾಕಮ್ಮಾ, ಚೆನ್ನಾಗೇ ಇದ್ವಲ್ಲ?"

ಕಾರ್ತಿಕಾ ದಡದಲ್ಲಿದ್ದ, ಅಲ್ಲಿಯವರು ಪರಿಸಲ್ ಎನ್ನುವ ದುಂಡು ತೆಪ್ಪಗಳ ಕಡೆ ನೋಡಿದಳು. ಅಲ್ಲಿ ಮುನಿಲಕ್ಷ್ಮಿಯ ಗಂಡ ದೊಡ್ಡಣ್ಣ ತನ್ನ ತೆಪ್ಪವನ್ನು ಬೋರಲು ಹಾಕಿ ತಳ ನೋಡುತ್ತಿದ್ದ. ಮುನಿಲಕ್ಷ್ಮಿಗೆ ಅರ್ಥವಾಯಿತು.

ತೆಪ್ಪವನ್ನು ಗಿರಗಿರನೆ ತಿರುಗಿಸುವುದರಲ್ಲಿ ದೊಡ್ಡಣ್ಣನನ್ನು ಮೀರಿಸುವವರಿರಲಿಲ್ಲ. ಈಚೆಗೆ ಅವನು ಬಂಡೆಯ ಹತ್ತಿರವೇ ಹೋಗಿ ತಿರುಗಿಸುತ್ತಿದ್ದ. ಆಮೇಲೆ ಹುಟ್ಟಿನ ಅಗಲ ಭಾಗದಿಂದ ನೀರಿಗೆ ದಬ್, ದಬ್ ಎಂದು ಬಡಿಯುತ್ತಿದ್ದ. ನೀರುನಾಯಿಗಳು ಪೊಟರೆಯಿಂದ ಹೊರಗೆ ಚಿಮ್ಮುತ್ತಿದ್ದವು, ತೆಪ್ಪದಲ್ಲಿ ಕೂತ ಪ್ರವಾಸಿಗರು ಕೇಕೆ ಹಾಕುತ್ತಿದ್ದರು. ಉಳಿದ ತೆಪ್ಪದವರೂ ಅದನ್ನೇ ಕಲಿತರು. ಈಗ ದಿನವೆಲ್ಲ ಬಂಡೆಯ ಸುತ್ತ ದಬ್, ದಬ್.

ಕಾರ್ತಿಕಾ ಅವನ ಬಳಿ ಹೋದಳು. ತಾಯಿ ಮಗಳು ಹಿಂದೆಯೇ ಹೋದರು.

"ಅಣ್ಣಾ, ನೀವು ಬಡಿಯೋ ಸದ್ದಿಗೆ ಎದ್ರಿ ಅದು ಮರಿಗಳ್ನ ಸಾಗಿಸ್ತಾ ಐತೆ. ಇನ್ನೂ ಮೂರು ಮರಿ ಒಳಗೇ ಅವೆ. ಸೆಳೆತದಾಗೆ ಬಾಯಿಂದ ಜಾರಿದ್ರೆ ಓಯ್ತು."

ದೊಡ್ಡಣ್ಣ ನಕ್ಕ. "ಏನಮ್ಮಾ, ಪಾಪಿರೆಡ್ಡಿಪಟ್ಟಿಯಿಂದ ಬಂದೋಳು ನೀನು, ನನಗೆ ನೀರಿನ ಪಾಠ ಏಳ್ತೀಯಾ? ಇಪ್ಪತ್ತು ವರ್ಸದಿಂದ ಪರಿಸಲ್ ಓಡಿಸ್ತಿದೀನಿ. ಅದು ಎದ್ರಿಕೆ ಅಲ್ಲ, ಆಟ! ನಮ್ ಸದ್ದು ಕೇಳಿದ್ರೆ ಡಾನ್ಸ್ ಮಾಡ್ತವೆ."

"ಡಾನ್ಸ್ ಮಾಡೋರು ಮಗೂನ ಎತ್ಕೊಂಡು ಆಚೆ ದಡಕ್ಕೆ ಓಡ್ತಾರಾ?" ಎಂದಳು ಮುನಿಲಕ್ಷ್ಮಿ.

"ನೀನು ಮೀನು ನೋಡ್ಕೊ ಓಗೇ, ಕಾಗೆ ಎತ್ಕೊಂಡೋಗ್ತೈತೆ."

ತಿರುಗಿ ನೋಡಿದರೆ ಕಾಗೆ ನಿಜವಾಗಿಯೂ ಒಂದು ಮೀನು ಎತ್ತಿಕೊಂಡು ಹಾರಿಯಾಗಿತ್ತು. ವನಿತಾ ಕಿಸಕ್ಕೆಂದಳು.

"ಜನ ಬರೋದೇ ನೀರುನಾಯಿ ನೋಡೋಕೆ" ಎಂದ ದೊಡ್ಡಣ್ಣ. "ಬಡೀದೆ ಎಂಗಮ್ಮಾ ತೋರಿಸ್ಲಿ? ಬಾರಮ್ಮ ತಾಯೀ ಅಂತ ಕೈ ಮುಗೀಲಾ?"

"ಕಡಲಾಗೆ ತಿಮಿಂಗಿಲ ತೋರಿಸೋ ಬೋಟಿನೋರು ಎಂಗೆ ತೋರಿಸ್ತಾರೆ ಗೊತ್ತಾ ಅಣ್ಣಾ? ಬಸ್ಸಿಗಿಂತ ದೊಡ್ಡ ಪ್ರಾಣಿ ಅದು. ಒಳ್ಳೆ ಬೋಟಿನೋರು ಅದರ ಮ್ಯಾಲೆ ಬಿದ್ದು ಓಗಲ್ಲ. ದೂರದಾಗೇ ಇಂಜಿನ್ ಸದ್ದು ಇಳಿಸಿ ಕಾಯ್ತಾರೆ. ಅತ್ರ ಬರೋದು ಬುಡೋದು ತಿಮಿಂಗಿಲದ ಇಷ್ಟ. ಅಷ್ಟು ದೊಡ್ಡದಕ್ಕೇ ಅಷ್ಟು ಮರ್ಯಾದೆ. ನಮ್ಮದು ಮೊಳದುದ್ದ ಮರಿ."

"ಕಾದ್ರೂ ಬರ್ಲಿಲ್ಲ ಅಂದ್ರೆ?"

"ಒಂದು ದಿನ ನೋಡಾಣ. ಇವತ್ತು ಮಂಗಳವಾರ, ಜನಾನೂ ಕಮ್ಮಿ."

"ಬರ್ಲಿಲ್ಲ ಅಂದ್ರೆ ನನ್ ಪರಿಸಲ್ ತಲೆ ಮ್ಯಾಲೆ ಒತ್ಕೊಂಡು ದಡಕ್ಕೆ ತರೋ ಕೆಲಸ ನಿಂದು."

"ಸರಿ ಅಣ್ಣಾ!"

ವನಿತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ತುಟಿ ಬಿಚ್ಚಿತು, ಮತ್ತೆ ಮುಚ್ಚಿತು.

"ಏನೋ ಕೇಳ್ಬೇಕು ಅಂತಿದೀಯ, ಕೇಳು ಚಿನ್ನಾ" ಎಂದು ಮುನಿಲಕ್ಷ್ಮಿ ಅವಳ ತಲೆ ಸವರಿದಳು. ಹುಡುಗಿ ಬೇಡವೆಂದು ತಲೆಯಾಡಿಸಿ ಅಮ್ಮನ ಸೆರಗಿನ ಹಿಂದೆ ಸರಿದಳು. ಮುನಿಲಕ್ಷ್ಮಿ ಒತ್ತಾಯ ಮಾಡಲಿಲ್ಲ. ಬರುವ ಮಾತು ಬಂದೇ ಬರುತ್ತದೆ.

ಅವಳು ಉಳಿದ ಮೀನು ಮುಚ್ಚಿಟ್ಟು ಬಂದ ಮೇಲೆ ನಾಲ್ವರೂ ಲೈಫ್ ಜಾಕೆಟ್ ತೊಟ್ಟು ತೆಪ್ಪ ಹತ್ತಿದರು. ವನಿತಾಳ ಜಾಕೆಟ್ಟು ಸಡಿಲವಾಗಿತ್ತು. ಕಾರ್ತಿಕಾ ಅದನ್ನು ಬಿಚ್ಚಿಸಿ ಬೇರೆ ಚಿಕ್ಕದು ತಂದು ತೊಡಿಸಿದಳು. ದೊಡ್ಡಣ್ಣ ಬಂಡೆಯ ಕಡೆ ಹೋಗದೆ ದಡದ ಪಕ್ಕವೇ ಸಾಗಿ, ನೀರಿನ ಮೇಲೆ ಬಾಗಿದ್ದ ಒಂದು ಮರದ ಕೊಂಬೆ ಹಿಡಿದು ನಿಲ್ಲಿಸಿದ. ಬಂಡೆ ಅಲ್ಲಿಂದ ದೂರದಲ್ಲಿ, ಆದರೆ ಚೆನ್ನಾಗಿ ಕಾಣುವಂತಿತ್ತು.

ಸುಮ್ಮನೆ ಕೂತು ದೊಡ್ಡಣ್ಣನಿಗೆ ಮೈ ತುರಿಸಿದಂತಾಯಿತು. ಜನರನ್ನು ಕೂರಿಸಿಕೊಂಡ ತೆಪ್ಪ ತಿರುಗದೆ ನಿಂತದ್ದನ್ನು ಅವನು ಕಂಡೇ ಇರಲಿಲ್ಲ. ಎರಡು ಸಲ ಅವನ ಕೈ ತಾನಾಗಿ ಹುಟ್ಟಿನ ಕಡೆ ಹೋಯಿತು. ಎರಡು ಸಲವೂ ಮುನಿಲಕ್ಷ್ಮಿ ಅವನ ತೊಡೆ ಚಿವುಟಿದಳು.

ಬಹಳ ಹೊತ್ತಾದ ಮೇಲೆ ಆಚೆ ದಡದ ಕಡೆಯಿಂದ ಒಂದು ತಲೆ ತೇಲಿ ಬಂತು. ತಾಯಿ ನೀರುನಾಯಿ! ಬಂಡೆಯ ಬಳಿ ನಿಂತು ತೆಪ್ಪದವರನ್ನು ನೆಟ್ಟ ಕಣ್ಣಿನಿಂದ ನೋಡಿತು. ಮುಳುಗಿತು. "ಓಯ್ತು" ಎಂದು ದೊಡ್ಡಣ್ಣ ತುಟಿಯಲ್ಲೇ ಹೇಳಿದ.

ಅಷ್ಟರಲ್ಲಿ ಅದು ಬಂಡೆಯ ಮೇಲೇರಿ ಮೈ ಕೊಡವಿತು. ಸಿಳ್ಳೆಯಂಥ ದನಿಯಲ್ಲಿ ಕರೆಯಿತು. ಪೊಟರೆಯಿಂದ ಒಂದು ಮರಿ ಬಂತು, ಮತ್ತೊಂದು ಬಂತು, ಮೂರನೆಯದು ಜಾರಿ ಅಣ್ಣನ ಬಾಲ ಹಿಡಿಯಿತು. ಮೂರೂ ಉರುಳಿ ನೀರಿಗೆ ಬಿದ್ದವು. ತಾಯಿ ಒಂದೊಂದನ್ನೇ ಮೇಲೆ ತಂದು ಹಾಕಿದರೆ ಅವು ಮತ್ತೆ ಬೇಕೆಂದೇ ಜಾರಿದವು. ಎಣ್ಣೆ ಸ್ನಾನದ ದಿನ ವನಿತಾಳನ್ನು ಹಿಡಿಯುವ ಪಾಡೇ ಇದು ಎನಿಸಿ ಮುನಿಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಡು ನೀರುನಾಯಿ ಮೀನು ತಂದಿತು. ಎಲ್ಲ ತಿಂದು, ತಾಯಿ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತು.

"ಮಲ್ಕೊಂಡ್ಳು ಅಂದ್ರೆ ಎದ್ರಿಕೆ ಓಯ್ತು ಅಂತ" ಎಂದು ಕಾರ್ತಿಕಾ ಪಿಸುಗುಟ್ಟಿದಳು.

ದೊಡ್ಡಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಕಣ್ಣಲ್ಲಿ ನೀರು. ದಡಕ್ಕೆ ಬಂದ ಮೇಲೆ ಹೆಂಡತಿಯ ಕಡೆ ತಿರುಗಿದ.

"ಇಷ್ಟು ವರ್ಸ ನಾನು ನೋಡಿದ್ದೆಲ್ಲ ಬೆನ್ನು ಕಣೇ. ಓಡೋ ಬೆನ್ನು. ಮುಖ ಇವತ್ತೇ ನೋಡ್ದೆ. ಎಂಥಾ ಮೀಸೆ ಐತೆ ಅದಕ್ಕೆ! ನಿಮ್ಮಪ್ಪನ ತರಾನೇ."

"ನಮ್ಮಪ್ಪನ ಸುದ್ದಿಗೆ ಬರ್ಬೇಡ" ಎಂದಳು ಮುನಿಲಕ್ಷ್ಮಿ.

ಅಂದೇ ಅವನು ಉಳಿದ ತೆಪ್ಪದವರಿಗೆ ವಿಷಯ ಹೇಳಿದ. "ಏನ್ ದೊಡ್ಡಣ್ಣಾ, ನೀರುನಾಯಿ ಮನೆಗೆ ಅಳಿಯ ಆಗ್ಬುಟ್ಯಾ?" ಎಂದು ವೆಂಕಟಾಚಲಂ ಗೇಲಿ ಮಾಡಿದ. ಮರುದಿನ ದೊಡ್ಡಣ್ಣ ಅವನನ್ನೇ ಕರೆದುಕೊಂಡು ಹೋಗಿ ಮರದ ಕೆಳಗೆ ಕೂರಿಸಿದ. ತಿರುಗಿ ಬಂದವನು ಗೇಲಿ ಮಾಡಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಬಂಡೆಯಿಂದ ದೂರವೇ ಸುತ್ತಿ ಹೋದರು. ತೆಪ್ಪ ತಿರುಗಿಸುವ ಆಟ ಕೆಳಗಿನ ಮಡುವಿನಲ್ಲಿ ನಡೆಯಿತು. ಶನಿವಾರ ತಾಯಿ ನೀರುನಾಯಿ ಆಚೆ ದಡದ ಮರಿಯನ್ನೂ ಕಚ್ಚಿಕೊಂಡು ಮನೆಗೆ ತಂದಿತು. ಕಾರ್ತಿಕಾ ತನ್ನ ಪುಸ್ತಕದಲ್ಲಿ ನಾಲ್ಕು ಎಂದು ಬರೆದಳು.

ಭಾನುವಾರ ಸೇಲಂನಿಂದ ಮಗ್ಗ ನೇಯುವ ಒಂದು ಮನೆಯವರು ಬಂದರು. ಗಂಡ, ಹೆಂಡತಿ, ಅವಳ ಭುಜಕ್ಕೊರಗಿ ತೂಕಡಿಸುವ ಪುಟ್ಟ ಮಗ. ಮನೆಮಾತು ಕನ್ನಡವೇ. ಮೀನೆಲ್ಲ ಬೇಗ ಮುಗಿದಿದ್ದರಿಂದ ಮುನಿಲಕ್ಷ್ಮಿ, ವನಿತಾ ಇಬ್ಬರೂ ತೆಪ್ಪ ಹತ್ತಿದ್ದರು. ಮರದ ಕೆಳಗೆ ಸ್ವಲ್ಪ ಹೊತ್ತು ಕೂತದ್ದೇ ಗಂಡಸಿಗೆ ಬೇಸರ ಬಂತು.

"ಏನಣ್ಣಾ ಇದು? ಹೋದ ಸಲ ಹೀಗೆ ಬಡಿದು ಓಡಿಸಿ ತೋರಿಸಿದ್ರಲ್ಲ. ಬಡೀರಿ!" ಎಂದು ಅವನು ಚಿಪ್ಸ್ ಪೊಟ್ಟಣ ಹಿಡಿದು ಎದ್ದು ನಿಂತ. ತೆಪ್ಪ ವಾಲಿತು.

"ಕೂತ್ಕೊಳಿ ಸಾರ್" ಎಂದ ದೊಡ್ಡಣ್ಣ. ಹುಟ್ಟನ್ನು ನೀರಿನಿಂದೆತ್ತಿ ತೊಡೆಯ ಮೇಲೆ ಇಟ್ಟುಕೊಂಡ.

ಓದುತ್ತಿರುವ ಅಕ್ಕ, ಅಣ್ಣ, ನಾಳೆ ಆ ತೆಪ್ಪದಲ್ಲಿ ಕೂರುವವರು ನೀವೇ ಇರಬಹುದು. ಹೊಳೆಯಲ್ಲಿ ನೀರುನಾಯಿಯೋ, ಕಡಲಲ್ಲಿ ತಿಮಿಂಗಿಲವೋ, ಯಾವುದನ್ನು ನೋಡಲು ಹೋದರೂ ದೂರದಲ್ಲೇ ನಿಲ್ಲಿಸಿ ಎಂದು ನೀವೇ ಕೇಳಿ. ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ, ಎದ್ದು ನಿಲ್ಲಬೇಡಿ. ತಿಂಡಿ ಎಸೆಯಬೇಡಿ, ಪೊಟ್ಟಣ ನಿಮ್ಮ ಚೀಲದಲ್ಲೇ ಮನೆಗೆ ಹೋಗಲಿ. ಕೂಗದೆ, ಬಡಿಯದೆ ಕಾಯಿರಿ. ಬಂದರೆ ಕಣ್ತುಂಬ ನೋಡಿ. ಬರದಿದ್ದರೆ, ಅದು ಮನೆಯೊಳಗೆ ಮಕ್ಕಳೊಂದಿಗಿದೆ ಎಂದು ಖುಷಿಯಿಂದ ಹಿಂತಿರುಗಿ. ಯಾಕೆ ಎನ್ನುವುದನ್ನು ಆ ಭಾನುವಾರ ಎಲ್ಲರಿಗಿಂತ ಚಿಕ್ಕ ಬಾಯಿಯೇ ಹೇಳಿತು.

ವನಿತಾ ಅಮ್ಮನ ಸೆರಗು ಬಿಟ್ಟು ಮುಂದಕ್ಕೆ ಜರುಗಿದಳು. ತೂಕಡಿಸುವ ಹುಡುಗನನ್ನು ನೋಡಿದಳು, ಅವನ ತಾಯಿಯನ್ನು ನೋಡಿದಳು. ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಕ್ಕಾ, ನಿಮ್ ಪಾಪು ಮಲಗಿರೋವಾಗ ದಿನಾ ಯಾರಾದ್ರೂ ಬಂದು ಬಾಗಿಲು ದಬದಬ ಅಂತ ಬಡಿದ್ರೆ, ನೀವು ಆ ಮನ್ಯಾಗೆ ಇರ್ತೀರಾ?"