ಜಿಪ್ಪಿನ ಜಾಗದಲ್ಲಿ ಹುಕ್ಕು

"ಅಕ್ಕಾ, ಜಿಪ್ ಎಲ್ಲೇ?"

ತಂಗಿ ಕೇಳಿದ್ದು ಇಷ್ಟೇ. ಕೇಳಿದ ದನಿಗೆ ಅಕ್ಕನ ಕೈಯಲ್ಲಿದ್ದ ಬಿಸಿನೀರಿನ ಫ್ಲಾಸ್ಕ್ ಜಾರಿ ನೆಲಕ್ಕೆ ಬಿತ್ತು.

ಸರೋವರದ ದಡದಲ್ಲಿ, ಆಚೆ ದಡಕ್ಕೆ ಈಜುವ ಸ್ಪರ್ಧೆಗೆ ಬಂದವರು ಬಟ್ಟೆ ಬದಲಿಸಲೆಂದು ಹಾಕಿದ್ದ ಟೆಂಟು ಅದು. ತಂಗಿ ಸೊಂಟದವರೆಗೆ ತಣ್ಣೀರಲ್ಲಿ ಮೈ ಬೆಚ್ಚಗಿಡುವ ಕರಿ ರಬ್ಬರಿನ ವೆಟ್‌ಸೂಟಿನೊಳಗಿದ್ದಳು. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಲು ಜಾರಿಸಿ, ಉಗುರು ತಾಗದಂತೆ ಬೆರಳ ತುದಿಯಲ್ಲೇ ಚೂರುಚೂರು ಮೇಲೆಳೆದುಕೊಂಡು, ಉಜ್ಜಿ ಗಾಯವಾಗದಿರಲೆಂದು ಕುತ್ತಿಗೆಗೆ ಮುಲಾಮು ಸವರಿಕೊಂಡಿದ್ದಳು. ಇನ್ನೇನು ತೋಳು ತೂರಿಸಬೇಕು, ಆಗ ಕಣ್ಣಿಗೆ ಬಿತ್ತು ಸೂಟಿನ ಬೆನ್ನು. ಉದ್ದಕ್ಕೂ ಜಿಪ್ ಇರಬೇಕಾದ ಕಡೆ ನಾಲ್ಕು ಬೆರಳಗಲದ ಹಿಗ್ಗುವ ಬಟ್ಟೆಯ ಪಟ್ಟಿ. ಪಟ್ಟಿಯ ಅಂಚಿಗೆ ಸಾಲಾಗಿ ಹುಕ್ಕುಗಳು, ಒಂದೊಂದೂ ಮುತ್ತಿನಂತೆ ಕೂತಿದ್ದವು.

"ಅದಾ? ಕಿತ್ತುಬಿಟ್ಟೆ," ಎಂದಳು ಅಕ್ಕ. "ದಿನಾ ಕುತ್ತಿಗೆ ಕೆಂಪಗಾಗಿ ಬರ್ತಿತ್ತಲ್ಲ. ಸ್ವಲ್ಪ ಸಡಿಲ ಮಾಡ್ದೆ. ಸಲೀಸಾಗಿ ಉಸಿರಾಡ್ಲಿ ಅಂತ. ಹುಕ್ಕಾದ್ರೆ ಮೆತ್ತಗಿರುತ್ತೆ."

ಅಕ್ಕ ಟೈಲರ್. ಮೊಣಕಾಲ ಹತ್ತಿರ ಉಗುರು ತಾಗಿ ಸೀಳಿದ್ದನ್ನು ಅಂಟಿಸಿಕೊಡೇ ಎಂದು ತಂಗಿ ಸೂಟನ್ನು ಕೈಗಿತ್ತು ಬಸ್ ಓಡಿಸುವ ಕೆಲಸಕ್ಕೆ ಹೋಗಿದ್ದಳು. ಟೈಲರ್ ಕೈಗೆ ಬಟ್ಟೆ ಸಿಕ್ಕಮೇಲೆ ಅಷ್ಟಕ್ಕೇ ಬಿಡುತ್ತಾಳೆಯೇ? ಇಷ್ಟು ಬಿಗಿಯಾಗಿ ಹೊಲಿದ ಪುಣ್ಯಾತ್ಮನಿಗೆ ಅಕ್ಕತಂಗಿಯರೇ ಇರಲಿಲ್ಲವೇನೋ ಎಂದು ಬೈದುಕೊಂಡೇ ಜಿಪ್ ಕಿತ್ತು ಕಸದ ಬುಟ್ಟಿಗೆಸೆದಳು. ಸೂಟನ್ನು ಅಂದವಾಗಿ ಮಡಚಿ ಚೀಲಕ್ಕೂ ತಾನೇ ಹಾಕಿದಳು.

"ಸಡಿಲ ಆದ್ರೆ ತಣ್ಣೀರು ಒಳಗೆ ನುಗ್ಗುತ್ತೆ ಕಣೇ! ಹೋದ ವರ್ಷ ನನ್ನ ಯಾಕೆ ದೋಣಿಗೆ ಎತ್ತಿ ಹಾಕಿದ್ರು ಅನ್ಕೊಂಡಿದ್ದೀಯ?"

"ಅಂಗಿ ಬಿಗಿಯಾಗಿ ಉಸಿರು ಕಟ್ತಲ್ಲ..."

"ಯಾರು ಹೇಳಿದ್ರು ನಿಂಗೆ? ಅದು ಎರವಲು ತಂದ ಸೂಟು, ದೊಗಳೆ. ನೀರು ನುಗ್ಗಿ ನುಗ್ಗಿ ಕೈಕಾಲು ಮರಗಟ್ಟಿಹೋಯ್ತು!"

ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೋದ ವರ್ಷ ತಂಗಿಯನ್ನು ಕಂಬಳಿಯಲ್ಲಿ ಸುತ್ತಿ ದಡಕ್ಕೆ ತಂದಾಗ ನೀಲಿಗಟ್ಟಿದ ತುಟಿ ನೋಡಿ ತಾನೇ ಹಾಗೆಂದುಕೊಂಡಿದ್ದಳು. ಕೇಳುವುದಕ್ಕೂ ಭಯಪಟ್ಟು ವರ್ಷವಿಡೀ ಅದನ್ನೇ ನಂಬಿದ್ದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಉಳಿಸಲು ಹೋದವಳು ಅದೇ ಚಳಿಗೆ ತಂಗಿಯನ್ನು ಕೈಯಾರೆ ನೂಕಲಿದ್ದಳು.

ಸೂಟು ತಪಾಸಣೆ ಮಾಡುವ ಹಿರಿಯರೊಬ್ಬರು ಟೆಂಟಿನ ಬಾಗಿಲಿಗೆ ಬಂದರು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಸೀಟಿಯವರು. ಹುಕ್ಕು ನೋಡಿ ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಅಯ್ಯೋ ರಾಮ! ಇಷ್ಟು ವರ್ಷದಲ್ಲಿ ಇಂಥದ್ದು ನೋಡಿರ್ಲಿಲ್ಲ. ಸೂಟ್ ನೆಟ್ಟಗಿಲ್ದೆ ಈ ನೀರಿಗೆ ನಾನು ಬಿಡಲ್ಲಮ್ಮ. ಕೊನೇ ಗುಂಪು ಹೊರಡೋದ್ರೊಳಗೆ ಸರಿಮಾಡ್ಕೊಂಡ್ರೆ ಸರಿ, ಇಲ್ಲಾಂದ್ರೆ ಮನೆಗೆ."

ತಂಗಿ ಬೆಂಚಿನ ಮೇಲೆ ಕುಸಿದಳು. ವರ್ಷವಿಡೀ ಬೆಳಕು ಹರಿಯುವ ಮುಂಚೆ ಎದ್ದು ಈಜಿ, ಒದ್ದೆ ತಲೆಯಲ್ಲೇ ಬಸ್ ಹತ್ತಿದವಳು ಅವಳು. ಆಚೆ ದಡ ಮುಟ್ಟುವುದೊಂದೇ ಅವಳಿಗೆ ಬೇಕಾಗಿದ್ದುದು.

"ನಾನು ಹೋಗಬಾರ್ದು ಅಂತಾನೇ ಮಾಡಿದ್ಯಾ?" ಎಂದಳು, ತಲೆಯೆತ್ತದೆ.

ಕೆನ್ನೆಗೆ ಬಾರಿಸಿದ್ದರೂ ಅಕ್ಕನಿಗೆ ಅಷ್ಟು ನೋಯುತ್ತಿರಲಿಲ್ಲ. ಯಾಕೆಂದರೆ ಅದರಲ್ಲಿ ಒಂದು ಎಳೆ ನಿಜವಿತ್ತು. ನೀರೆಂದರೆ ಅವಳಿಗೆ ಹೆದರಿಕೆ. ತಂಗಿ ಈ ಹುಚ್ಚು ಬಿಟ್ಟರೆ ಸಾಕಪ್ಪಾ ಎಂದು ಬೇಡಿಕೊಂಡದ್ದೂ ಉಂಟು.

"ಬೇಡ ಅಂತ ಅನ್ಸಿದ್ದು ನಿಜ," ಎಂದಳು. "ಆದ್ರೆ ಇದು ಅದಕ್ಕೆ ಮಾಡಿದ್ದಲ್ಲ. ಏಳು, ತೋಳು ತೂರಿಸು."

"ಜಿಪ್ಪೇ ಇಲ್ವಲ್ಲೇ!"

"ನಿನ್ನ ಮೈಮೇಲೇ ಹೊಲೀತೀನಿ."

ಅವಳ ಕೈಚೀಲದಲ್ಲಿ ಬೇರೇನಿಲ್ಲದಿದ್ದರೂ ಸೂಜಿ ದಾರ ಇದ್ದೇ ಇರುತ್ತಿತ್ತು. ಪಟ್ಟಿಯನ್ನು ಹುಕ್ಕುಗಳ ಸಮೇತ ಕತ್ತರಿಸಿ ಎಸೆದಳು. ರಬ್ಬರಿನ ಎರಡೂ ಅಂಚನ್ನು ಎಳೆದು ಕೂಡಿಸಿ, ಮೇಣ ಸವರಿದ ದಪ್ಪ ದಾರದಲ್ಲಿ ಸೊಂಟದಿಂದ ಮೇಲಕ್ಕೆ ಒತ್ತೊತ್ತಾಗಿ ಹೊಲಿಯತೊಡಗಿದಳು. ಸೂಜಿ ತಂಗಿಯ ಬೆನ್ನಿಗೆ ಚುಚ್ಚದಿರಲೆಂದು ಎಡಗೈ ಬೆರಳನ್ನು ಒಳಗಿಟ್ಟುಕೊಂಡಳು. ಚುಚ್ಚಿದಾಗೆಲ್ಲ ಅದಕ್ಕೇ ಚುಚ್ಚಿತು. ಸೀಟಿಯವರು ಗೊಣಗುತ್ತಲೇ ಹೋಗಿ ಯಾರದೋ ಸೈಕಲ್ಲಿನ ಪಂಕ್ಚರ್ ಅಂಟು ತಂದುಕೊಟ್ಟರು. ಅಕ್ಕ ಅದನ್ನು ಹೊಲಿಗೆಯ ಮೇಲೆ ಬಳಿದಳು. ಕುತ್ತಿಗೆಗೆ ಬಂದಾಗ ಮಾತ್ರ ಅವಳ ಕೈ ನಿಂತಿತು.

"ಬಿಗಿಯಾಗಿ ಎಳಿ," ಎಂದಳು ತಂಗಿ.

ಅಕ್ಕ ಕಣ್ಣು ತುಂಬಿಕೊಂಡು ಎಳೆದಳು. ಗಂಟು ಹಾಕಿ, ಅಭ್ಯಾಸಬಲದಿಂದ ದಾರ ಕಚ್ಚಲು ಬಾಗಿದಳು.

"ಹಲ್ಲು ಹೋಗುತ್ತೆ ಅಂತ ಎಷ್ಟು ಸಲ ಹೇಳ್ಲಿ? ಕತ್ತರಿ ತಗೋ."

ಅಕ್ಕ ಕತ್ತರಿ ತಗೊಂಡಳು.

ಸೀಟಿಯವರು ಹೊಲಿಗೆಯನ್ನು ಜಗ್ಗಿ ನೋಡಿದರು, ತಂಗಿಯನ್ನು ಮೊಣಕಾಲುದ್ದ ನೀರಲ್ಲಿ ಕೂರಿಸಿ ಎಬ್ಬಿಸಿದರು, ಕೊನೆಗೆ ತಲೆಯಾಡಿಸಿದರು. ಅಷ್ಟರಲ್ಲಿ ಕೊನೆಯ ಗುಂಪು ನೀರಿಗಿಳಿಯುತ್ತಿತ್ತು. ತಂಗಿ ಓಡಿ ಅದನ್ನು ಕೂಡಿಕೊಂಡಳು.

ಮನೆಯವರನ್ನು ಆಚೆ ದಡಕ್ಕೆ ಒಯ್ಯುವ ವ್ಯಾನಿನಲ್ಲಿ ಅಕ್ಕ ಕಿಟಕಿಗೇ ಅಂಟಿಕೊಂಡಿದ್ದಳು. ದಡ ತಲುಪಿದ ಮೇಲೆ ನೀರಲ್ಲಿ ಕಂಡ ಒಂದೊಂದು ಈಜುಟೋಪಿಯನ್ನೂ ತಂಗಿಯದೇ ಎಂದುಕೊಂಡಳು. ಯಾವುದೂ ಅವಳದಾಗಿರಲಿಲ್ಲ. ದೋಣಿಯೊಂದು ದಡದತ್ತ ತಿರುಗಿದಾಗಲಂತೂ ಜೀವ ಬಾಯಿಗೆ ಬಂತು. ಅದರಲ್ಲಿ ಕಂಬಳಿ ಹೊದ್ದು ಕೂತಿದ್ದವನು ಇನ್ಯಾರೋ.

ಎಲ್ಲರಿಗಿಂತ ಹಿಂದೆ, ಒಂದು ಕೈ ಎದ್ದಿತು. ಇನ್ನೊಂದು ಎದ್ದಿತು. ತಂಗಿ ಕಲ್ಲುಗಳ ಮೇಲೆ ಅಂಬೆಗಾಲಿಟ್ಟು ಬಂದು ಎದ್ದು ನಿಂತಳು, ತನ್ನ ಕಾಲ ಮೇಲೆ ತಾನೇ. ಬಿಡಿಸು ಎಂದು ಕುತ್ತಿಗೆ ತೋರಿಸಿದಳು.

ಅಕ್ಕ ಚೀಲಕ್ಕೆ ಕೈ ಹಾಕಿದಳು. ಚೀಲವನ್ನು ತಲೆಕೆಳಗು ಮಾಡಿದಳು. ಕತ್ತರಿ ಹೊರಟ ದಡದಲ್ಲಿ, ಟೆಂಟಿನ ಬೆಂಚಿನ ಮೇಲೇ ಉಳಿದಿತ್ತು.

ಚಾಕು ತರುತ್ತೇನೆಂದು ಯಾರೋ ಓಡಿದರು. ಅಲ್ಲಿಯವರೆಗೆ ಕಾಯುವವರು ಯಾರು? ಅಕ್ಕ ತಂಗಿಯ ಹೆಗಲು ಹಿಡಿದು ತಿರುಗಿಸಿ, ಒದ್ದೆ ಕುತ್ತಿಗೆಗೆ ಬಾಯಿ ಹಾಕಿ ದಾರ ಕಚ್ಚಿದಳು. ಮೊದಲ ಹೊಲಿಗೆ ಟಕ್ಕೆಂದು ಬಿಟ್ಟಿತು. ಕೆಳಗೆ ಚರ್ಮ ಕೆಂಪಗೆ ಬರೆ ಎದ್ದಿತ್ತು. ಅದನ್ನು ನೋಡಿ ಅಕ್ಕ ಗೊಳೋ ಎಂದು ಅತ್ತಳು, ಅಳುತ್ತಲೇ ಇನ್ನೊಂದು ಹೊಲಿಗೆ ಕಚ್ಚಿದಳು.

"ಹಲ್ಲು... ಹೋಗುತ್ತೆ," ಎಂದಳು ತಂಗಿ, ನಡುಗುತ್ತಾ.

"ಹೋಗ್ಲಿ ಬಿಡು!"

"ಅಕ್ಕಾ."

"ಏನೇ?"

"ಒಳಗೆ ಬೆಚ್ಚಗಿತ್ತು ಕಣೇ."