ಹಳೇ ಪಿನ್ನು

ಸ್ಟೀರಿಂಗ್ ಬಿಚ್ಚಿದ ಮೇಲೆ ಹಳೇ ಪಿನ್ನನ್ನು ಮತ್ತೆ ಹಾಕಬಾರದು. ನಟ್ಟು ಕಳಚದಂತೆ ಹಿಡಿದಿಡುವುದು ಅದೊಂದೇ. ಒಮ್ಮೆ ಬಗ್ಗಿಸಿದ್ದನ್ನು ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. "ಹಳೇದು ಹಾಕ್ದೋನ ಕೈ ಮುರೀತೀನಿ" ಎಂದು ಮಾಗಡಿ ರಸ್ತೆಯ ನನ್ನ ಷೆಡ್ಡಿನಲ್ಲಿ ಇಪ್ಪತ್ತು ವರ್ಷ ಕೂಗಾಡಿದವನು ನಾನು.

ಆಯುಧಪೂಜೆಯ ಮಧ್ಯಾಹ್ನ ಟ್ಯಾಕ್ಸಿ ತಿಮ್ಮರಾಯಿ ಓಡಿ ಬಂದ. ಅವನ ಕಾರಿನ ಸ್ಟೀರಿಂಗ್ ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿ ಇಟ್ಟಿದ್ದೆ. ಬಿಗಿಯುವ ಸ್ಪ್ಯಾನರು, ಹೊಸ ಪಿನ್ನು, ಎರಡೂ ಪೂಜೆಗೆ ಕೂತಿದ್ದವು.

"ಮಗಳಿಗೆ ನೋವು ಬಂದೈತೆ ಕಣಣ್ಣ. ಸುಂಕದಕಟ್ಟೆಯಿಂದ ಆಸ್ಪತ್ರೆಗೆ ಕರ್ಕೊಂಡು ಬರ್ಬೇಕು."

ನಾನು ಸ್ಪ್ಯಾನರಿಗೆ ಕೈ ಚಾಚಿದೆ.

"ಮುಟ್ಬೇಡಿ! ನಾಳೆ ಬೆಳಗ್ಗೆವರ್ಗೂ ಪೂಜೆ ಕದಲಿಸಂಗಿಲ್ಲ," ಎಂದಳು ಹೆಂಡತಿ ಮುನಿತಾಯಮ್ಮ.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನಟ್ಟನ್ನು ಬೆರಳಲ್ಲೇ ಆದಷ್ಟು ಬಿಗಿದು, ನೆಲದಲ್ಲಿ ಬಿದ್ದಿದ್ದ ಹಳೇ ಪಿನ್ನನ್ನು ನೆಟ್ಟಗೆ ಮಾಡಿ ತೂರಿಸಿದೆ. "ನಿಧಾನಕ್ಕೆ ಹೋಗು" ಎಂದೆ. ಮಗಳ ಹೆರಿಗೆಗೆಂದು ಹೊರಟವನಿಗೆ ಹೇಳುವ ಮಾತೇ ಅದು?

ಸಂಜೆ ಕೆರೆ ಏರಿಯ ಕೆಳಗೆ ಕಾರು ಮಗುಚಿ ಬಿದ್ದಿತ್ತು. ತಿಮ್ಮರಾಯಿಯ ಉಸಿರು ನಿಂತಿತ್ತು. ಮಗಳು ಬಾಗಿಲಲ್ಲಿ ಅಪ್ಪನ ದಾರಿ ಕಾಯುತ್ತಲೇ ಇದ್ದಳಂತೆ.

ಮರುದಿನ ಬೆಳಗ್ಗೆ ಮುನಿತಾಯಮ್ಮ ಪೂಜೆ ಕದಲಿಸಿದಳು. ಕುಂಕುಮ ಹತ್ತಿದ ಹೊಸ ಪಿನ್ನನ್ನು ನನ್ನ ಅಂಗೈಗೆ ಹಾಕಿ, ಮುಖ ನೋಡದೆ ಹೇಳಿದಳು:

"ಇನ್ನು ಮುಟ್ಬೋದು."