ನೀಲಾಂಬಿಕೆಯ ಆರು ನಳಿಕೆಗಳು

ನಾನು ಒಂದು ಶೀತಪೆಟ್ಟಿಗೆ. ತಗಡು ಬಗ್ಗಿಸಿ, ಒಳಗೆ ತಾಮ್ರದ ಕೊಳವೆ ಸುತ್ತಿ, ಮೇಲೆ ಬಿಳಿ ಬಣ್ಣ ಬಳಿದು ನನ್ನನ್ನು ಮಾಡಿದರು. ಮೊದಲ ಸಲ ವಿದ್ಯುತ್ತು ಹರಿದಾಗ ಮೈಯೆಲ್ಲ ನಡುಗಿತು. ಅಂದಿನಿಂದ ಒಳಗಿನ ಬಿಸಿಯನ್ನು ಹೊರಗೆ ತಳ್ಳುವುದೇ ನನ್ನ ಕರ್ಮವಾಯಿತು.

ಆರು ವರ್ಷ ಹುಬ್ಬಳ್ಳಿಯ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿದ್ದೆ. ಅಂಗಡಿ ಮುಚ್ಚಿದಾಗ ಮಾಲೀಕರು ತಮ್ಮ ಮಗಳು ಓದಿದ ಧಾರವಾಡದ ಕಾಲೇಜಿಗೆ ನನ್ನನ್ನು ದಾನ ಕೊಟ್ಟರು. ಹಾಗೆ ಕೌಸರ್ ಮೇಡಂ ಅವರ ಪ್ರಯೋಗಶಾಲೆ ಸೇರಿದೆ.

ಮೇಡಂ ಹಾಸ್ಟೆಲಿನ ಇಪ್ಪತ್ತನಾಲ್ಕು ಹುಡುಗಿಯರನ್ನು ಆರಿಸಿಕೊಂಡಿದ್ದರು. ಮನಸ್ಸಿಗೆ ಒತ್ತಡವಾದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಏರುತ್ತದೆ, ಅದು ಉಗುಳಿನಲ್ಲೂ ಸಿಗುತ್ತದೆ ಎಂದು ಅವರು ತಿಳಿಸಿ ಹೇಳಿದರು. ಪರೀಕ್ಷೆಗೆ ಮುನ್ನ ಒಂದು ವಾರ, ದಿನಕ್ಕೆ ಮೂರು ಸಲ, ಪ್ರತಿಯೊಬ್ಬಳೂ ಪುಟ್ಟ ನಳಿಕೆಯೊಂದಕ್ಕೆ ಉಗುಳಿ ತರಬೇಕು. ಎದ್ದ ಕೂಡಲೇ, ಅರ್ಧ ಗಂಟೆಯ ಮೇಲೆ, ಮಲಗುವ ಮುನ್ನ. ಜೊತೆಗೆ ಆ ದಿನದ ಚಿಂತೆ ಏನು, ಅದನ್ನು ಹೇಗೆ ನಿಭಾಯಿಸಿದೆ ಎಂದು ಒಂದು ಚೀಟಿಯಲ್ಲಿ ಬರೆಯಬೇಕು. ಯಾರ ಲೆಕ್ಕ ಹದ ತಪ್ಪಿದೆಯೋ ಅವರನ್ನು ಕರೆದು ಮಾತಾಡಿಸುವುದು ಮೇಡಂ ಅವರ ಉದ್ದೇಶವಾಗಿತ್ತು.

ಪ್ರಯೋಗಶಾಲೆಯ ಸೇವಕ ಚನ್ನಬಸಯ್ಯನವರಿಗೆ ಇದು ಹಿಡಿಸಲಿಲ್ಲ. "ಅಲ್ರೀ ಮೇಡಂ, ಹಲ್ಲೂ ತಿಕ್ಕಲಾರದ ಎಂಜಲಾ! ಇದನ್ನ ಮುಟ್ಟಿ ನಾ ಲಿಂಗಪೂಜಿ ಹೆಂಗ ಮಾಡ್ಲಿ?"

"ಅದನ್ನೂ ಕೊಟ್ಟಾಂವ ದೇವರ, ಚನ್ನಬಸಯ್ಯ. ಹಿಡೀರಿ ಡಬ್ಬಿ."

ಅವರು ವಿಭೂತಿ ಹಚ್ಚಿಕೊಂಡೇ ನನ್ನ ಮುಚ್ಚಳ ತೆರೆಯುತ್ತಿದ್ದರು.

ಮೂರನೆಯ ದಿನ ಒಂದೇ ಕೋಣೆಯ ಇಬ್ಬರು ಗೆಳತಿಯರು, ಪ್ರಭಾವತಿ ಮತ್ತು ನೀಲಾಂಬಿಕಾ, ನಳಿಕೆಗಳನ್ನು ತಂದರು. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಬಾಯಿ ಒಣಗಿ ಕಟಿಗಿ ಆಗೇದ. ಉಗುಳ ಬರವಲ್ದು," ಎಂದಳು ನೀಲಾಂಬಿಕಾ. "ನನ್ನ ಹೆಸರಿಗೆ ಹಿಂಗ ಎಷ್ಟ ದಿನಾ ನೀ ಉಗುಳಾಕಿ?"

"ಕ್ಲಾಸಿನ್ಯಾಗ ನಿನ್ನ ಹೆಸರಿಗೆ ಪ್ರೆಸೆಂಟ್ ಅನ್ನಾಕಿ ಯಾರು? ನಾನ ಹೌದಲ್ಲೋ? ಇದೂ ಒಂದ ಪ್ರಾಕ್ಸಿ ಬಿಡ. ನಳಿಕಿ ಖಾಲಿ ಬಂದ್ರ ಮೇಡಂ ರೂಮಿಗೇ ಬರ್ತಾರ."

"ಬ್ಯಾಡವ್ವ. ಬಂದ್ರ ಅಪ್ಪಗ ಫೋನ್ ಮಾಡ್ತಾರ. ನಾ ನಿದ್ದಿ ಮಾಡವಲ್ಲೆ ಅಂತ ಅಪ್ಪಗ ಗೊತ್ತಾಗಬಾರದು."

ಪ್ರಭಾವತಿ ನಗುತ್ತಾ ಎರಡು ಹೆಸರಿನ ನಳಿಕೆಗಳನ್ನೂ ನನ್ನೊಳಗೆ ಇಟ್ಟಳು. ಅವಳ ಮನಸ್ಸಿನಲ್ಲಿ ಕೇಡಿರಲಿಲ್ಲ. ನೀಲಾಂಬಿಕಾ ತನ್ನ ಚೀಟಿಯಲ್ಲಿ "ಚಿಂತೆ ಏನೂ ಇಲ್ಲ" ಎಂದು ಬರೆದಳು. ಮೊದಲ ಎರಡು ದಿನದ ಆರು ನಳಿಕೆಗಳಷ್ಟೇ ಅವಳವು. ಉಳಿದ ಹದಿನೈದೂ ಗೆಳತಿಯವು. ಇದು ಅವರಿಬ್ಬರನ್ನು ಬಿಟ್ಟರೆ ನನಗೆ ಮಾತ್ರ ಗೊತ್ತಿತ್ತು.

ಮೇಡಂ ಪ್ರತಿ ನಳಿಕೆಯಿಂದ ಹನಿ ತೆಗೆದು ಪರೀಕ್ಷಿಸಿದರು. ಒಂಬತ್ತು ಹುಡುಗಿಯರನ್ನು ಕರೆದು ಮಾತಾಡಿಸಿದರು. ನೀಲಾಂಬಿಕಾ ಅವರಲ್ಲಿ ಇರಲಿಲ್ಲ. "ನೋಡ್ರಿ ಚನ್ನಬಸಯ್ಯ, ಈ ಹುಡುಗಿಗೆ ಮೊದಲೆರಡು ದಿನ ಸ್ವಲ್ಪ ಏರುಪೇರು. ಆಮ್ಯಾಲೆ ಗೆಳತಿದೂ ಈಕಿದೂ ಒಂದೇ ಥರಾ ಶಾಂತ. ಜೋಡಿ ಇದ್ರ ಕಷ್ಟ ಹಗುರ ಆಗ್ತದ," ಎಂದು ಸಂತೋಷದಿಂದ ಹೇಳಿ, ವರದಿಯಲ್ಲೂ ಹಾಗೆಯೇ ಬರೆದರು. ನನ್ನ ಮೋಟಾರು ಗೊರಗೊರ ಎಂದಿತು. ಅದನ್ನು ಮಾತೆಂದು ಯಾರು ತಿಳಿದಾರು?

ಪರೀಕ್ಷೆಯ ಎರಡನೆಯ ದಿನ ನೀಲಾಂಬಿಕಾ ತೀರಿಕೊಂಡಳು. ಹೇಗೆ ಎಂಬುದನ್ನು ನನ್ನ ಮುಂದೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹನ್ನೆರಡು ದಿನಗಳ ಮೇಲೆ ಮುದ್ದೇಬಿಹಾಳದಿಂದ ಅವಳ ತಂದೆ ಸಿದ್ರಾಮಪ್ಪ ಬಂದರು. ಟ್ರಂಕು ಹೊರಲು ಪ್ರಭಾವತಿ ಜೊತೆಗಿದ್ದಳು. "ನನ್ನ ಮಗಳದು ಇನ್ನ ಏನರ ಉಳದೈತೇನ್ರಿ?" ಎಂದು ಅವರು ಮೇಡಂ ಅವರನ್ನು ಕೇಳಿದರು.

ಮೇಡಂ ಸಂಕೋಚದಿಂದ ನನ್ನ ಮುಚ್ಚಳ ತೆರೆದು, ಹೆಸರು ಬರೆದ ಒಂದು ನಳಿಕೆ ತೋರಿಸಿ, ಅದು ಏನೆಂದು ಹೇಳಿದರು.

"ಮಗಳ ಎಂಜಲಾ ಉಂಡ ಬೆಳಸಿದಾಂವ ನಾ. ಕೊಡ್ರಿ ಇಲ್ಲಿ." ಅದನ್ನು ಕಣ್ಣಿಗೆ ಒತ್ತಿಕೊಂಡರು.

"ಕಾಕಾ, ಅದು ಆಕಿದಲ್ಲ!" ಪ್ರಭಾವತಿ ಟ್ರಂಕನ್ನು ಕೆಳಗಿಳಿಸಿ ಮುಂದೆ ಬಂದಳು. "ಅದು ನಂದು." ಎಲ್ಲವನ್ನೂ ಹೇಳಿದಳು.

ಸಿದ್ರಾಮಪ್ಪ ಆ ನಳಿಕೆಯನ್ನು ಅವಳ ಕೈಗೆ ಕೊಟ್ಟು ಕೇಳಿದರು, "ಹಂಗಾರ ಆಕಿದು ಯಾವುದವ್ವ?"

ಅವಳು ತಾರೀಖು ನೋಡುತ್ತಾ ತಡಕಾಡಿ ಆರು ನಳಿಕೆಗಳನ್ನು ತೆಗೆದುಕೊಟ್ಟಳು. ಅವರು ಅವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಹಿಮ ಕರಗುವವರೆಗೂ ನಿಂತರು. ಆಮೇಲೆ ಅವಳನ್ನು ಟ್ರಂಕಿನ ಮೇಲೆ ಕೂರಿಸಿ, ಎದುರು ಕುಕ್ಕರಗಾಲಿನಲ್ಲಿ ಕುಳಿತರು.

"ನೀ ನಿದ್ದಿ ಮಾಡ್ತಿ ಏನವ್ವ?"

ಪ್ರಭಾವತಿ ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಮ ಅಪ್ಪನ ನಂಬರ್ ಹೇಳು. ಈಗ ಹೇಳು."

ಆ ಸಂಜೆಯೇ ಮೇಡಂ ಜೋಡಿಯ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿದರು.

ಮೋಟಾರು ಕೆಟ್ಟ ಮೇಲೆ ಈಗ ನಾನು ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿದ್ದೇನೆ. ತಂತಿ ಕತ್ತರಿಸಿದ್ದಾರೆ, ಮುಚ್ಚಳ ಕಿತ್ತುಹೋಗಿದೆ. ಆದರೂ ಕೆಲವು ಬೆಳಗಿನ ಜಾವ, ಯಾರೋ ಒಣಗಿದ ಬಾಯಿಂದ ಮಾತಾಡಲು ಹವಣಿಸಿದಂತೆ, ನನ್ನ ಖಾಲಿ ಒಡಲಲ್ಲಿ ಸದ್ದಾಗುತ್ತದೆ. ನಾನು ಕೇಳುತ್ತೇನೆ. ಕೇಳುವುದೊಂದೇ ನನ್ನಿಂದಾಗುವುದು.

ಗುಜರಿಯವನು ಬಂದು ನೋಡಿಹೋಗಿದ್ದಾನೆ. ಕುಲುಮೆಗೆ ಹಾಕುತ್ತಾರಂತೆ. ಶಿವನೇ, ಬೆಂಕಿಗೆ ನಾನು ಅಂಜುವುದಿಲ್ಲ. ಆ ತಂದೆಯ ಅಂಗೈಯಲ್ಲಿ ಬಿಸಿ ಏನು ಮಾಡಬಲ್ಲದು ಎಂದು ಕಂಡಿದ್ದೇನೆ.